ಕೊನೆಯ ಗುಡ್ಡೆ

ವನಜಾ ಆಡಿಟರ್ ಆದಳು ಎಂಬ ಸುದ್ದಿ ನಮ್ಮ ಕೊಪ್ಪಲಿಗೆ ಬಂದಾಗ, ಆಡಿಟರ್ ಎಂದರೆ ಏನು ಎಂದು ಕೇಳುವ ಧೈರ್ಯ ಮಾಡಿದವಳು ಮುದುಕಿ ಹೊಂಬಾಳಮ್ಮ ಒಬ್ಬಳೇ. ಉಳಿದವರೆಲ್ಲ ಗೊತ್ತಿರುವವರ ಹಾಗೆ ತಲೆ ಆಡಿಸಿ ಸುಮ್ಮನಾಗಿದ್ದರು.

“ಅಂಗಂದ್ರೆ ಏನವ್ವ?”

“ಬೇರೆಯವ್ರು ಮಾಡಿರೋ ಕೆಲ್ಸ ಸರಿಯಾಗಿ ಮಾಡವ್ರಾ ಇಲ್ವಾ ಅಂತ ನೋಡದು, ಅಜ್ಜಿ.”

“ನೀನು ಕೆಲ್ಸ ಮಾಡಾಕಿಲ್ವಾ?”

“ನಾನು ನೋಡದು ಅಷ್ಟೇಯ.”

“ಅದ್ಕೂ ಸಂಬ್ಳ ಕೊಟ್ಟಾರಾ?” ಹೊಂಬಾಳಮ್ಮ ಕೆನ್ನೆಗೆ ಕೈ ಇಟ್ಟುಕೊಂಡಳು. “ನಮ್ಮೂರ ಅರಳಿಕಟ್ಟೆ ತುಂಬ ಆಡಿಟ್ರೇ ಕೂತವ್ರಲ್ಲವ್ವ! ಪಾಪ, ಬಿಟ್ಟಿ ಮಾಡ್ತಾವ್ರೆ.”

ಕೊತ್ತತ್ತಿಯಿಂದ ನಾಲೆ ಏರಿ ಹಿಡಿದು ಬಂದರೆ ಸಿಗುವ ಊರು ನಮ್ಮದು. ಊರಿಗೆ ಮೊದಲು ಕಾಣುವುದು ಚಿಕ್ಕಬೋರಯ್ಯನ ತೆಂಗಿನ ತೋಟ. ಆ ತೋಟದ ಬೇಲಿಗೂ ನಾಲೆಗೂ ನಡುವಿನ ದಾರಿಯಲ್ಲೇ ಅವನ ಮಗಳು ವನಜಾ ದಿನವೂ ಶಾಲೆಗೆ ಹೋಗಿದ್ದು. ಬೇರೆ ಮಕ್ಕಳು ಗದ್ದೆ ಬದುವಿನ ಮೇಲೆ, ಕಬ್ಬಿನ ಸಾಲಿನೊಳಗೆ, ಕೆಲವೊಮ್ಮೆ ನೇರವಾಗಿ ನಾಲೆಯ ನೀರೊಳಗೇ ನುಗ್ಗಿ ಶಾಲೆ ತಲುಪುತ್ತಿದ್ದರು. ಇವಳು ಮಾತ್ರ ದಾರಿಯಲ್ಲಿ ನಡೆಯುತ್ತಿದ್ದಳು. “ದಾರಿ ಇರುವಾಗ ಬದುವಿನ ಮೇಲೆ ಯಾಕೆ ಹೋಗಬೇಕು?” ಎಂಬ ಅವಳ ಪ್ರಶ್ನೆಗೆ ಆ ವಯಸ್ಸಿನ ಯಾರ ಬಳಿಯೂ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಮಂಡ್ಯದ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ, ಮಕ್ಕಳಿಗೆ ಯಾವ ಉದ್ಯೋಗ ಒಗ್ಗುತ್ತದೆಂದು ಪರೀಕ್ಷೆ ಮಾಡಿ ಹೇಳುವ ಮೇಡಂ ಒಬ್ಬರು ಬಂದಿದ್ದರಂತೆ. ಉಳಿದವರಿಗೆ ನಾಯಕತ್ವ, ಸೃಜನಶೀಲತೆ, ಸಾಹಸ ಎಂದೆಲ್ಲ ಹಂಚಿದ ಮೇಲೆ ವನಜಾಳ ಸರದಿ ಬಂದಾಗ, ಆಕೆ ಸ್ವಲ್ಪ ಸಂಕೋಚದಿಂದಲೇ ಹೇಳಿದರಂತೆ: “ಹೊಸದನ್ನ ಹುಟ್ಟಿಸೋ ಕೆಲಸ ನಿಮಗಲ್ಲಮ್ಮ. ಯಾರೋ ಹಾಕಿಟ್ಟ ಕ್ರಮಾನ ತಪ್ಪದೆ ನಡೆಸೋದು, ನಡೀತಿದೆಯಾ ಅಂತ ನೋಡೋದು, ಅಂಥದ್ದನ್ನ ಹುಡುಕಿಕೊಳ್ಳಿ.” ಗೆಳತಿಯರು ಅಯ್ಯೋ ಪಾಪ ಎಂದರು. ವನಜಾ ಅದನ್ನು ಬಹುಮಾನದಂತೆ ಮನೆಗೆ ತಂದಳು. ಕೇಳಿಸಿಕೊಂಡ ಚಿಕ್ಕಬೋರಯ್ಯ ಮೀಸೆ ಒರೆಸಿಕೊಂಡು, “ಅಂಗಂದ್ರೆ ನನ್ನಂಗೇ ಅಂತ. ಬುಡು, ಯೋಚ್ನೆ ಇಲ್ಲ” ಎಂದ.

ವಿನಯ ಎಂಬುದು ಚಿಕ್ಕಬೋರಯ್ಯನ ಹೊಲದಲ್ಲಿ ಬೆಳೆದ ಬೆಳೆಯಲ್ಲ.

ಅವಳು ಮದ್ದೂರಿನಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಎಣ್ಣೆ ತುಂಬಿ ಹೊರಗೆ ಕಳಿಸುವ ಕಂಪನಿಯೊಂದಕ್ಕೆ ಸೇರಿದಳು. ಅಲ್ಲಿಗೆ ರವಿಚಂದ್ರ ಎಂಬ ಹೊಸ ಯಜಮಾನರು ಬಂದ ದಿನ ಎಲ್ಲ ವಿಭಾಗದವರನ್ನೂ ಕೂರಿಸಿಕೊಂಡು, ಒಬ್ಬೊಬ್ಬರೂ ಒಂದೊಂದು ಹೊಸ ಐಡಿಯಾ ಕೊಡಿ ಎಂದರು. ಕೊಟ್ಟರು. ಒಬ್ಬರಂತೂ ಡ್ರೋನಿನಲ್ಲಿ ಬೆಲ್ಲ ಹಾರಿಸಿದರು. ವನಜಾ ಎದ್ದು ನಿಂತು, “ಹಳೇ ಐಡಿಯಾನೇ ಇನ್ನೂ ಯಾರೂ ಪೂರ್ತಿ ಮಾಡಿಲ್ಲ ಸಾರ್” ಎಂದು ಕೂತಳು. ಮುಂದಿನ ವರ್ಷ ಆಂತರಿಕ ಲೆಕ್ಕಪರಿಶೋಧನೆಗೆ ಅವಳೇ ಮುಖ್ಯಾಧಿಕಾರಿ. ಮದ್ದೂರಿನ ಗಿರಣಿ, ಮಳವಳ್ಳಿಯ ಗೋದಾಮು, ಮಂಡ್ಯದ ಕಚೇರಿ ಮೂರೂ ಅವಳ ಕಣ್ಣ ಕೆಳಗೆ ಬಂದವು. ಊರಿನವರಿಗೆ ಇದು ಅರ್ಥವಾದದ್ದು ಮನೆ ಮುಂದೆ ಕಾರು ಬಂದು ನಿಂತಾಗ.

ಇಷ್ಟಾದರೂ ನಮ್ಮೂರಲ್ಲಿ ದೊಡ್ಡ ಹುದ್ದೆ ಚಿಕ್ಕಬೋರಯ್ಯನದೇ. ಅವನು ಗುಡ್ಡೆ ಹಾಕುವವನು.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಬಾಡು ಬೇಯದ ಒಲೆಯನ್ನು ನಮ್ಮ ಕಡೆ ಒಲೆ ಎನ್ನುವುದಿಲ್ಲ. ಊರೊಟ್ಟಿನಿಂದ ಬಂಡೂರು ಕುರಿಗಳನ್ನು ತರುತ್ತಾರೆ, ಬೆಳಗಾಗುವಾಗ ತೋಟದಲ್ಲಿ ಕಡಿಯುತ್ತಾರೆ, ಬಾಳೆಲೆ ಹಾಸಿ ಮನೆಗೊಂದು ಗುಡ್ಡೆಯಂತೆ ಸಾಲಾಗಿ ಹಾಕುತ್ತಾರೆ. ತಕ್ಕಡಿ ಇಲ್ಲ. ಪ್ರತಿ ಗುಡ್ಡೆಗೂ ತೊಡೆಯದೊಂದಿಷ್ಟು, ಪಕ್ಕೆಯದೊಂದಿಷ್ಟು, ಈಲಿ ಎನ್ನುವ ಲಿವರಿನ ತುಣುಕು, ಬೋಟಿ ಎನ್ನುವ ಕರುಳಿನ ಪಾಲು, ಮೂಳೆಯ ಪಾಲು. ಎಲ್ಲವೂ ಕಣ್ಣಳತೆ, ಕೈಯಳತೆ. ಚಿಕ್ಕಬೋರಯ್ಯನಿಗೆ ಅವನಪ್ಪ ಕಲಿಸಿದ್ದು.

ಆಮೇಲೆ ಮನೆಗೊಬ್ಬರು ಒಂದು ಗುರುತು ಕೊಡಬೇಕು. ಹುಣಸೆ ಬೀಜ, ಅಂಗಿ ಗುಂಡಿ, ಬಳೆ ಚೂರು, ಟ್ರಾಕ್ಟರಿನ ನಟ್ಟು, ಏನಾದರೂ ಸರಿ. ಅದನ್ನೆಲ್ಲ ಒಂದು ಟವೆಲಿಗೆ ಹಾಕಿ, ದಾರಿಯಲ್ಲಿ ಹೋಗುವ ಯಾರನ್ನಾದರೂ ತಡೆದು ಕೈಗೆ ಕೊಡುತ್ತಾರೆ. ಯಾವ ಗುರುತು ಯಾರದು ಎಂದು ಅವರಿಗೆ ಗೊತ್ತಿರುವುದಿಲ್ಲ. ಅವರು ಒಂದೊಂದು ಗುಡ್ಡೆಯ ಮೇಲೆ ಒಂದೊಂದು ಇಟ್ಟುಕೊಂಡು ಹೋಗುತ್ತಾರೆ. ನಿನ್ನ ಬೀಜ ಯಾವುದರ ಮೇಲೋ ಆ ಗುಡ್ಡೆ ನಿನ್ನದು. ಹೀಗೆ ಸಿಕ್ಕವರನ್ನು ಆ ದಿನದ ಮಟ್ಟಿಗೆ ಧರ್ಮರಾಯ ಎನ್ನುತ್ತೇವೆ. ಬಸ್ಸಿನ ಕಂಡಕ್ಟರು, ಐಸ್‌ಕ್ಯಾಂಡಿ ಮಾರುವವನು, ಜೂಜು ನಡೆಯುತ್ತಿದೆ ಎಂದುಕೊಂಡು ನುಗ್ಗಿದ ಪೊಲೀಸು, ಎಲ್ಲರೂ ಧರ್ಮರಾಯರಾಗಿ ಹೋಗಿದ್ದಾರೆ. ಗುಡ್ಡೆ ಹಾಕಿದವನು ಮಾತ್ರ ಗುರುತು ಕೊಡುವಂತಿಲ್ಲ. ಎಲ್ಲರ ಗುರುತೂ ಮುಗಿದು ಬರಿದಾಗಿ ಉಳಿದ ಗುಡ್ಡೆ ಅವನದು. ಇದು ಕ್ರಮ.

ಈ ವರ್ಷ ಯುಗಾದಿಗೆ ಮುಂಚೆ ಚಿಕ್ಕಬೋರಯ್ಯನಿಗೆ ಕಣ್ಣಿನ ಪೊರೆ ತೆಗೆಸಿದರು. ಅಲ್ಲಿಂದ ಶುರುವಾಯಿತು. ಗುಡ್ಡೆಯನ್ನು ದೂರದೆ ನಮ್ಮೂರಲ್ಲಿ ಬಾಡು ಬೇಯುವುದಿಲ್ಲ ನಿಜ. ನನಗೆ ಬರೀ ಮೂಳೆ ಬಂತು, ಅವನಿಗೆ ಬರೀ ತೊಡೆ ಬಂತು ಎನ್ನುವುದು ಉಪ್ಪು ಖಾರದ ಹಾಗೆ ಅಡುಗೆಯದೇ ಭಾಗ. ಆದರೆ ಪೊರೆಯ ಸುದ್ದಿ ಕೇಳಿದ ಮೇಲೆ ಎಲ್ಲರ ಹಳೇ ಮೂಳೆಗೂ ಒಂದು ಕಾರಣ ಸಿಕ್ಕಿದಂತಾಯಿತು. ಚಿಕ್ಕಬೋರಯ್ಯನ ಅಣ್ಣನ ಮಗ ಪುಟ್ಟರಾಜು ಅರಳಿಕಟ್ಟೆಯ ಮೇಲೆ ಎಲೆಕ್ಟ್ರಾನಿಕ್ ತೂಕದ ಯಂತ್ರವೊಂದನ್ನು ತಂದಿಟ್ಟ. ಅವನು ತರಕಾರಿ ಮಂಡಿ ನಡೆಸುವವನು. ಜಗತ್ತಿನ ಯಾವ ಕಷ್ಟವೂ ಬಟನ್ ಒತ್ತಿದರೆ ಹೋಗುತ್ತದೆ ಎಂದು ನಂಬಿದವನು.

“ಚಿಕ್ಕಪ್ಪಂಗೆ ನಾನು ಮರ್ವಾದೆ ಕೊಡ್ತೀನಿ. ಆದ್ರೆ ಪೊರೆ ಬಂದಿರೋ ಕಣ್ಣು ಕಣ್ರಪ್ಪ. ಇನ್ಮೇಕೆ ತೂಗಿ ಕವರ್‌ಗೆ ಹಾಕಿ ಕೊಡವ. ಗುಡ್ಡೆನೂ ಬ್ಯಾಡ, ಧರ್ಮರಾಯನೂ ಬ್ಯಾಡ.”

“ಪೊರೆ ತಗ್ಸಾಯ್ತಲ್ಲ, ಲೇ. ಈಗ ನೀನು ಎಲ್ಡೆಲ್ಡಾಗಿ ಕಾಣ್ತಿದ್ದೋನು ಒಬ್ನೇ ಆಗಿದ್ದೀಯೆ. ಅಷ್ಟು ಚೆಂದಾಗಿ ಕಾಣ್ತದೆ,” ಎಂದ ಚಿಕ್ಕಬೋರಯ್ಯ.

ಜನ ನಕ್ಕರು, ಆದರೆ ಪುಟ್ಟರಾಜುವಿನ ಕಡೆಗೇ ವಾಲಿದ್ದರು. ಗುಡ್ಡೆ ಹಾಕುವ ಕೆಲಸ ಹೋದರೆ ಚಿಕ್ಕಬೋರಯ್ಯನಿಗೆ ಊರಲ್ಲಿ ಉಳಿಯುವುದು ತೆಂಗಿನ ತೋಟ ಮಾತ್ರ, ಅದು ಯಾರಿಗೆ ಇಲ್ಲ? ಅವನು ನಗುತ್ತಲೇ ಕೂತಿದ್ದ. ಹೆಗಲ ಮೇಲಿನ ಟವೆಲನ್ನು ಮಾತ್ರ ತೆಗೆದು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು ಮಾಡುತ್ತಿದ್ದ.

ಆಗ ಹೊಂಬಾಳಮ್ಮನಿಗೆ ದಾರಿ ಹೊಳೆಯಿತು. “ಅಲ್ಲ ಕಣ್ರಲಾ, ಮನೇಲೇ ಆಡಿಟ್ರು ಮಡಿಕ್ಕೊಂಡು ಯಾಕಿಂಗೆ ಕಚ್ಚಾಡ್ತಿದ್ದೀರಿ? ಬೋರಣ್ಣ ಗುಡ್ಡೆ ಹಾಕ್ಲಿ. ವನಜವ್ವ ನೋಡಿ ಸರಿಯಾಗದೆ ಅಂದ್ರೆ ಆಯ್ತು. ಸರ್ಟಿಪಿಕೇಟು!”

ಊರಿಗೆ ಊರೇ ಒಪ್ಪಿತು. ಪುಟ್ಟರಾಜು ಕೂಡ ಒಪ್ಪಿದ. ಚಿಕ್ಕಬೋರಯ್ಯ ಟವೆಲನ್ನು ಹೆಗಲಿಗೆ ಹಾಕಿಕೊಂಡು ಮಗಳ ಕಡೆ ತಿರುಗಿದ. ಭಾನುವಾರವೆಂದು ಊರಿಗೆ ಬಂದು ಕಟ್ಟೆಯ ಅಂಚಿಗೆ ನಿಂತಿದ್ದ ವನಜಾ ಹೇಳಿದಳು:

“ನಾನು ನೋಡಂಗಿಲ್ಲ.”

“ಯಾಕವ್ವ?”

“ಅವ್ರು ನಮ್ಮಪ್ಪ.”

“ಅದುಕ್ಕೇ ಕಣವ್ವ ನಿನ್ನ ಕೇಳಿದ್ದು!” ಹೊಂಬಾಳಮ್ಮನಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ಯಾರೋ ದಾರೀಲಿ ಹೋಗೋನ್ನ ನಂಬಕ್ಕಾದದಾ? ಸ್ವಂತ ಮಗಳು ನೀನು.”

“ಸ್ವಂತ ಅಪ್ಪನ ಕೆಲ್ಸಕ್ಕೆ ಸ್ವಂತ ಮಗಳು ಸಹಿ ಹಾಕಂಗಿಲ್ಲ ಅಜ್ಜಿ. ಸರಿ ಇದ್ರೂ ಹಾಕಂಗಿಲ್ಲ. ಅದು ಕ್ರಮ.”

ಚಿಕ್ಕಬೋರಯ್ಯ ಎದ್ದು ಮನೆಗೆ ಹೋದ. ಅವನು ಏನೂ ಅನ್ನದೆ ಹೋದದ್ದನ್ನು ನಮ್ಮೂರು ನೋಡಿದ್ದು ಅದೇ ಮೊದಲು.

ಮನೆಯಲ್ಲಿ ವನಜಾಳ ತಾಯಿ ಪಟ್ಟಲಮ್ಮನ ದನಿ ನಾಲೆಯಾಚೆಗೂ ಕೇಳಿಸಿತು. “ಊರ್ ಮುಂದೆ ಅಪ್ಪನ ಮುಕ ತಗ್ಸಿದ್ಯಲ್ಲೇ! ಸರಿಯಾಗದೆ ಅನ್ನಕ್ಕೆ ನಿನ್ನ ಬಾಯಿಗೆ ಬೋಟಿ ತುರುಕಿತ್ತಾ? ಆ ಕಂಪ್ನಿಯೋರು ನಿಂಗೆ ಕಲ್ಸಿದ್ದು ಇದೇಯಾ?”

“ಕಂಪ್ನಿಯೋರಲ್ಲ ಕಣಮ್ಮ. ಅಪ್ಪನೇ ಕಲ್ಸಿದ್ದು,” ಎಂದಳು ವನಜಾ. “ಗುಡ್ಡೆ ಹಾಕ್ದೋನು ಗುರುತು ಮಡಗಂಗಿಲ್ಲ, ದಾರಿಹೋಕನೇ ಮಡಗಬೇಕು ಅಂತ ನಂಗೆ ಹೇಳ್ಕೊಟ್ಟೋರು ಯಾರು? ಈಗ ನಾನೇ ಒಳಗಿನವಳಾಗಿ ಹೋಗಿ ನಿಂತರೆ, ನಾಳೆ ಪುಟ್ರಾಜಣ್ಣ ‘ಮಗಳು ಬಿಟ್ಕೊಡ್ತಾಳಾ’ ಅನ್ನಲ್ವಾ? ಸರಿಯಾಗಿದ್ದರೂ ಯಾರೂ ನಂಬಲ್ಲ.”

ಗೋಡೆಯಾಚೆ ಚಿಕ್ಕಬೋರಯ್ಯ ಕೆಮ್ಮಿದ. ಒಪ್ಪಿದ ಕೆಮ್ಮೋ, ಒಪ್ಪದ ಕೆಮ್ಮೋ ತಿಳಿಯಲಿಲ್ಲ.

ತನ್ನ ಬದಲಿಗೆ ವನಜಾ ಮಳವಳ್ಳಿಯ ಗೋದಾಮಿನಲ್ಲಿ ತನ್ನ ಕೈಕೆಳಗೆ ಕೆಲಸ ಮಾಡುವ ಅಕ್ಸಾ ಎಂಬ ಹುಡುಗಿಯನ್ನು ಕರೆಸಿದಳು. ಅಕ್ಸಾ ಚುರುಕು, ಮೂಟೆ ನೋಡಿದರೆ ಮೂಟೆಯ ಕೆಳಗಿನ ಮೂಟೆಯನ್ನೂ ಕೇಳುವವಳು. ಅವಳು ಅರಳಿಕಟ್ಟೆಗೆ ಬಂದು, ಎಲ್ಲ ಕೇಳಿಸಿಕೊಂಡು, “ಕುರಿ ಕಡಿಯೋರು ಯಾರು?” ಎಂದಳು.

“ನಮ್ಮ ಬಾಬು ಜಾನ್ ಸಾಬ್ರು. ಮಳವಳ್ಳಿಯೋರು. ಕುರಿ ತರದೂ ಅವ್ರೇ, ಕಡಿಯದೂ ಅವ್ರೇ. ಯಾಕವ್ವ?”

“ಅವ್ರು ನಮ್ಮ ಅಬ್ಬಾ,” ಎಂದಳು ಅಕ್ಸಾ. ವನಜಾಳ ಕಡೆ ತಿರುಗಿ, “ಮೇಡಂ, ನಾನೂ ನೋಡೋ ಹಾಗಿಲ್ಲ.”

“ಇದೇನು ಅಂಟುರೋಗವಾ?” ಎಂದು ಹೊಂಬಾಳಮ್ಮ ಮೆಲ್ಲಗೆ ಪಕ್ಕದವಳನ್ನು ಕೇಳಿದಳು.

ಕೊನೆಗೆ ಇಬ್ಬರು ಆಡಿಟರುಗಳೂ ಕೂಡಿ ಊರಿಗೆ ಒಂದು ಮಾತು ಹೇಳಿದರು. ಹೊಸದೇನೂ ಬೇಡ. ಗುರುತು ಇಡುವುದಕ್ಕೆ ಹೇಗೂ ಧರ್ಮರಾಯ ಬರುತ್ತಾನೆ. ತೂಗಿ ನೋಡುವುದನ್ನೂ ಅವನಿಗೇ ಬಿಡಿ. ಆದರೆ ಗುಡ್ಡೆಗೂ ಗುಡ್ಡೆಗೂ ಎಷ್ಟು ವ್ಯತ್ಯಾಸ ಬಂದರೆ ತಪ್ಪು ಎಂಬುದನ್ನು ಈಗಲೇ, ತೂಗುವ ಮೊದಲೇ ಹೇಳಿಕೊಳ್ಳಿ. “ತೂಗಿದ ಮೇಲೆ ಹೇಳಕ್ಕೆ ಎಲ್ರಿಗೂ ಬರ್ತದೆ,” ಎಂದಳು ವನಜಾ. ಅದರ ಮೇಲೆ ಒಂದು ಸಂಜೆ ಪೂರ್ತಿ ವಾದವಾಯಿತು. ಕಡೆಗೆ, ಅಂಗೈಯಗಲದ ಒಂದು ಮೂಳೆಯ ತೂಕದಷ್ಟು ಹೆಚ್ಚುಕಮ್ಮಿ ಬಂದರೆ ಅದು ಕುರಿಯ ತಪ್ಪು, ಅದಕ್ಕಿಂತ ಹೆಚ್ಚಾದರೆ ಚಿಕ್ಕಬೋರಯ್ಯನ ತಪ್ಪು ಎಂದು ತೀರ್ಮಾನವಾಯಿತು. ತಪ್ಪಾದರೆ ಮುಂದಿನ ವರ್ಷದಿಂದ ಪುಟ್ಟರಾಜುವಿನ ಯಂತ್ರ, ಪುಟ್ಟರಾಜುವಿನ ಕವರು. ಚಿಕ್ಕಬೋರಯ್ಯ “ಆಗ್ಲಿ” ಎಂದ. ಮಗಳ ಮುಖ ನೋಡಲಿಲ್ಲ.

ಹೊಸತೊಡಕಿನ ಬೆಳಗ್ಗೆ ತೋಟದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಬಾಬು ಜಾನ್ ಸಾಬರು ಕಡಿದು ಮುಗಿಸಿ, ಮಚ್ಚು ತೊಳೆದು, ತಮ್ಮ ಕೂಲಿಯ ಚರ್ಮಗಳನ್ನು ಟೆಂಪೋಗೆ ಹಾಕಿ ದೂರ ಹೋಗಿ ನಿಂತರು. “ನನ್ನ ಮಗಳು ಹತ್ರ ನಿಲ್ಲಬೇಡ ಅಂದವ್ಳೆ,” ಎಂದು ಹೆಮ್ಮೆಯಿಂದ ಸಿಕ್ಕವರಿಗೆಲ್ಲ ಹೇಳಿದರು. ವನಜಾ ಬೇಲಿಯಾಚೆ, ರಸ್ತೆಯ ಮೇಲೆ ನಿಂತಳು. ಅಕ್ಸಾ ಅವಳ ಪಕ್ಕ. ಒಳಗೆ ಬನ್ನಿ ಎಂದರೂ ಬರಲಿಲ್ಲ.

ಚಿಕ್ಕಬೋರಯ್ಯ ಪಂಚೆ ಎತ್ತಿ ಕಟ್ಟಿ ಕೆಲಸಕ್ಕೆ ಇಳಿದ. ಬಾಳೆಲೆಗಳು ರಸ್ತೆಯ ಬೇಲಿಯಿಂದ ಶುರುವಾಗಿ ತೋಟದ ಒಳಗಿನ ಪಂಪ್‌ಹೌಸಿನವರೆಗೆ ಸಾಲಾಗಿ ಹಾಸಿದ್ದವು. ಅವನು ಸಾಲಿನುದ್ದಕ್ಕೂ ಬಗ್ಗಿ ನಡೆಯುತ್ತಾ ತೊಡೆ ಹಂಚಿದ, ಪಕ್ಕೆ ಹಂಚಿದ, ಈಲಿಯನ್ನು ಕೂಸಿನ ಕೆನ್ನೆ ಮುಟ್ಟುವ ಹಾಗೆ ಮುಟ್ಟಿ ತುಣುಕು ಮಾಡಿ ಹಂಚಿದ. ಆಮೇಲೆ ನೆಟ್ಟಗೆ ನಿಂತು ಒಂದು ಕಣ್ಣು ಮುಚ್ಚಿ ಸಾಲನ್ನು ನೋಡಿದ. ಇಲ್ಲೊಂದು ತುಂಡು ಎತ್ತಿ ಅಲ್ಲಿಟ್ಟ. ಮತ್ತೆ ನೋಡಿದ. ಪಂಪ್‌ಹೌಸಿನ ಹತ್ತಿರ ಹೋಗಿ ಬಂದ. ಕೊನೆಗೆ ಪಂಪ್‌ಹೌಸಿನ ಪಕ್ಕದ ತನ್ನ ಮಣೆಯ ಮೇಲೆ ಕೂತು, “ಆಯ್ತು. ಇನ್ನು ಕೈ ಹಾಕಂಗಿಲ್ಲ” ಎಂದ.

ಧರ್ಮರಾಯ ಸ್ಕೂಟರಿನಲ್ಲಿ ಬಂದ. ಬಂದಳು ಎನ್ನಬೇಕು. ಹೆಲ್ಮೆಟ್ ತೆಗೆದಾಗ ಒಳಗಿದ್ದದ್ದು ಮಂಡ್ಯದ ಬ್ಯಾಂಕಿಗೆ ಹೊರಟಿದ್ದ ಶಾಲಿನಿ ಎಂಬ ಹೆಣ್ಣುಮಗಳು, ಹೊಸದಾಗಿ ವರ್ಗವಾಗಿ ಬಂದವಳು. ಗುಡ್ಡೆಗಳ ಸಾಲು ನೋಡಿ ದುಪಟ್ಟಾ ಮೂಗಿಗೆ ಹಿಡಿದಳು.

“ಅಯ್ಯೋ, ನನ್ನ ಬಿಡ್ರೀ. ನಾನು ಮೊಟ್ಟೆ ಕೂಡ ತಿನ್ನಲ್ಲ.”

ತೋಟದಲ್ಲಿ ಹರ್ಷೋದ್ಗಾರವಾಯಿತು. “ಮೊಟ್ಟೆನೂ ತಿನ್ನಾಕಿಲ್ವಂತೆ! ಇಂಥ ಧರ್ಮರಾಯ ಇದುವರ್ಗೂ ಸಿಕ್ಕಿರ್ಲಿಲ್ಲ ಕಣ್ರಲಾ!” ಎಂದು ಹೊಂಬಾಳಮ್ಮ ಅವಳ ಕೈ ಹಿಡಿದು ಒಳಗೆ ಕರೆತಂದಳು.

ಪುಟ್ಟರಾಜು ಯಂತ್ರಕ್ಕೆ ಬಟನ್ ಒತ್ತಿದ. ಬೇಲಿಯಾಚೆಯಿಂದ ವನಜಾ ಕೇಳಿದಳು: “ಯಂತ್ರ ಸರಿಯಾಗಿದೆಯಾ ಅಂತ ನೋಡಿದ್ಯಾ ಅಣ್ಣ?”

“ಯಂತ್ರ ಕಣವ್ವ ಇದು! ಚಿಕ್ಕಪ್ಪ ಅಲ್ಲ.”

“ಒಂದು ಉಪ್ಪಿನ ಪ್ಯಾಕೆಟ್ ಇಟ್ಟು ನೋಡು.”

ಒಂದು ಕಿಲೋ ಉಪ್ಪಿನ ಪ್ಯಾಕೆಟ್ಟನ್ನು ಇಟ್ಟಾಗ ಯಂತ್ರ ಅದಕ್ಕಿಂತ ಹೆಚ್ಚೇ ತೋರಿಸಿತು. ತೆಗೆದು ಇಟ್ಟಾಗ ಕಮ್ಮಿ ತೋರಿಸಿತು. ಪುಟ್ಟರಾಜು ಅದರ ತಲೆಗೆ ಎರಡು ತಟ್ಟಿ, ತಿರುಗಿಸಿ, ಕೆಳಗೆ ಸಿಕ್ಕಿಕೊಂಡಿದ್ದ ಒಣಗಿದ ಬೀನ್ಸ್ ಒಂದನ್ನು ತೆಗೆದ. ಆಮೇಲೆ ಉಪ್ಪು ಉಪ್ಪಿನಷ್ಟೇ ತೂಗಿತು. ಅವನ ಮಂಡಿಯ ಗಿರಾಕಿಗಳು ಇಬ್ಬರು ಅಲ್ಲೇ ನಿಂತಿದ್ದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಶಾಲಿನಿ ಮೂಗು ಹಿಡಿದೇ ಒಂದೊಂದು ಎಲೆಯನ್ನೂ ಯಂತ್ರದ ಮೇಲೆ ಇಡಿಸಿ ತೂಕ ಓದಿದಳು. ಮೊದಲನೆಯದು. ಎರಡನೆಯದು, ಅಷ್ಟೇ. ಮೂರನೆಯದು, ಕೂದಲೆಳೆ ಹೆಚ್ಚು. ಓದುತ್ತ ಓದುತ್ತ ಮೂಗಿನ ಕೈ ತಾನಾಗಿ ಕೆಳಗೆ ಬಂತು. “ಇದನ್ನ ಕೈಯಲ್ಲಿ ಮಾಡಿದ್ದಾ?” ಎಂದು ಕೇಳಿದಳು. “ನಮ್ಮ ಬ್ಯಾಂಕಲ್ಲಿ ಎರಡು ಸಲ ಎಣಿಸಿದ್ರೆ ಎರಡು ಥರ ಬರುತ್ತೆ.” ಚಿಕ್ಕಬೋರಯ್ಯ ಮಣೆಯ ಮೇಲೆ ಸ್ವಲ್ಪ ಅಗಲವಾದ. ಪುಟ್ಟರಾಜುವಿನ ಮುಖ ಸಾಲಿನ ಜೊತೆಜೊತೆಗೇ ಇಳಿಯುತ್ತ ಬಂತು.

ಕೊನೆಯ ಗುಡ್ಡೆ, ಪಂಪ್‌ಹೌಸಿನ ಪಕ್ಕದ್ದು, ಯಂತ್ರದ ಮೇಲೆ ಬಂತು.

ಶಾಲಿನಿ ಓದಲಿಲ್ಲ. ಎಲೆ ತೆಗೆಸಿ ಮತ್ತೆ ಇಡಿಸಿದಳು. “ಇದು ತುಂಬ ಕಮ್ಮಿ ಇದೆ,” ಎಂದಳು ಮೆಲ್ಲಗೆ.

ಅಂಗೈ ಮೂಳೆಯಲ್ಲ, ಒಂದು ಊಟದ ಬಾಡೇ ಕಮ್ಮಿ ಇತ್ತು.

“ನೋಡಿದ್ರಾ!” ಎಂದ ಪುಟ್ಟರಾಜು. ಕೂಗಿದ ಮೇಲೆ ಅವನಿಗೇ ಕೆಡುಕೆನಿಸಿರಬೇಕು, ದನಿ ಇಳಿಸಿದ. “ಬುಡು ಚಿಕ್ಕಪ್ಪ. ಕಣ್ಣು ಸೋತವೆ. ಯಾರಿಗೂ ತಪ್ಪಿದ್ದಲ್ಲ.”

ಚಿಕ್ಕಬೋರಯ್ಯ ನೆಲ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಸೋತವನ ಮುಖ ಹಾಗಿರುವುದಿಲ್ಲ. ಕದ್ದು ಸಿಕ್ಕಿಬಿದ್ದವನ ಮುಖ ಹಾಗಿರುತ್ತದೆ. ಅದನ್ನು ಕಂಡವಳು ಬೇಲಿಯಾಚೆ ನಿಂತಿದ್ದ ಅವನ ಮಗಳು ಮಾತ್ರ.

“ನಾನು ತೀರ್ಪು ಹೇಳಂಗಿಲ್ಲ,” ಎಂದಳು ವನಜಾ. “ಆದ್ರೆ ಕೇಳಬಹುದು. ಹೋದ ವರ್ಷ ಆ ಪಂಪ್‌ಹೌಸ್ ಹತ್ರದ ಗುಡ್ಡೆ ಯಾರಿಗೆ ಬಂತು?”

“ನಿಮ್ಮಪ್ಪಂಗೆ,” ಎಂದ ಪುಟ್ಟರಾಜು.

“ಅದರ ಹಿಂದಿನ ವರ್ಷ?”

“ಅವ್ರಿಗೇ ಇರ್ಬೇಕು.”

“ಪೊಲೀಸಪ್ಪ ಬಂದಿದ್ನಲ್ಲ, ಆ ವರ್ಷ?”

ಎಲ್ಲರೂ ರಸ್ತೆಯನ್ನೂ ಬೇಲಿಯನ್ನೂ ಸಾಲನ್ನೂ ನೋಡುತ್ತಿದ್ದರು, ಮೊದಲ ಸಲ ನೋಡುವವರಂತೆ. ಧರ್ಮರಾಯ ಬರುವುದು ರಸ್ತೆಯಿಂದ. ರಸ್ತೆಯಿಂದ ಬಂದವನು ಗುರುತು ಇಡಲು ಶುರು ಮಾಡುವುದು ಬೇಲಿಯ ಪಕ್ಕದ ಗುಡ್ಡೆಯಿಂದ. ಇಡುತ್ತ ಇಡುತ್ತ ಹೋದರೆ ಗುರುತು ಮುಗಿಯುವುದು ಪಂಪ್‌ಹೌಸಿನ ಹತ್ತಿರ. ಕಂಡಕ್ಟರ್ ಬರಲಿ, ಪೊಲೀಸ್ ಬರಲಿ, ಬರಿದಾಗಿ ಉಳಿಯುವುದು ಆ ಒಂದೇ ಗುಡ್ಡೆ. ಊರೆಲ್ಲ ಅದನ್ನು ಅದೃಷ್ಟ ಎಂದುಕೊಂಡಿತ್ತು. ಚಿಕ್ಕಬೋರಯ್ಯನಿಗೆ ಅದು ತನ್ನದೇ ಎಂದು ಗುಡ್ಡೆ ಹಾಕುವಾಗಲೇ ಗೊತ್ತಿರುತ್ತಿತ್ತು.

“ಅಪ್ಪ,” ಎಂದಳು ವನಜಾ. “ಯಾವುದಾದ್ರೂ ಗುಡ್ಡೆ ಕಮ್ಮಿ ಕಂಡ್ರೆ ಎಲ್ಲಿಂದ ತಗ್ದು ಹಾಕ್ತಿದ್ರಿ?”

ಚಿಕ್ಕಬೋರಯ್ಯ ಟವೆಲು ಮಡಿಸಿದ. ಬಿಚ್ಚಿದ. “ಎಲ್ಲಿಂದಾರಾ ತಗೀಬೇಕಲ್ಲವ್ವ, ಮಟ್ಟ ಮಾಡಕ್ಕೆ. ಇನ್ನೊಬ್ಬನ ಗುಡ್ಡೆಯಿಂದ ತಗ್ಯಕ್ಕಾದದಾ? ಇದು ನಂದು ಅಂತ ಗೊತ್ತಿತ್ತು. ಅದ್ರಿಂದ ತಗ್ದೆ.”

ನಮ್ಮ ಊರಿನವರ ಕಣ್ಣು ಮಂದವೇನಲ್ಲ. ಪ್ರತಿ ಹೊಸತೊಡಕಿಗೂ ಎಲ್ಲರೂ ಪಕ್ಕದವನ ಗುಡ್ಡೆಯನ್ನು ಗುರಿಯಿಟ್ಟು ನೋಡುತ್ತಿದ್ದರು, ದೊಡ್ಡದಿದೆಯೇ ಎಂದು. ಚಿಕ್ಕದಿದೆಯೇ ಎಂದು ನೋಡುವ ಪದ್ಧತಿ ಇರಲಿಲ್ಲ.

ಮೊದಲು ಬಾಯಿ ಬಂದದ್ದು ಪಟ್ಟಲಮ್ಮನಿಗೆ. ಬಾಡು ಒಯ್ಯಲು ಮಡಕೆ ಹಿಡಿದು ಬಂದವಳು ಅದನ್ನು ಸೊಂಟಕ್ಕೆ ಒರಗಿಸಿಕೊಂಡೇ ಗಂಡನ ಮುಂದೆ ನಿಂತಳು. “ಮದ್ವೆಯಾಗಿ ಬಂದಾಗಿಂದ ನೋಡ್ತಿವ್ನಿ, ಎಲ್ರ ಮನೇಲೂ ಬಾಡೂಟ, ನಮ್ಮನೇಲಿ ಅವರೆಕಾಳೂಟ! ನನ್ನ ಕೈಯಲ್ಲೇ ಬರ್ಕತ್ತಿಲ್ಲ ಅಂತ ನಿಮ್ಮವ್ವ ಸಾಯೋಗಂಟ ಅಂದ್ಕೊಂಡೇ ಸತ್ಲು. ಇವ್ನು ನನ್ನ ಮಡಕೆಯಿಂದ ತಗ್ದು ಊರ್ ಮಡಕೆಗೆ ಆಕ್ತಿದ್ನಲ್ಲಪ್ಪ!”

ಜನ ನಗಲು ಶುರು ಮಾಡಿದರು. ಆಮೇಲೆ ಹೊಂಬಾಳಮ್ಮ ಕಣ್ಣೊರೆಸಿಕೊಂಡು, “ದೇವ್ರಂಥ ಮನ್ಸ ಕಣವ್ವ ನಿಮ್ಮಪ್ಪ” ಎಂದಳು. ಪುಟ್ಟರಾಜು ಯಂತ್ರದ ಬಟನ್ ಆರಿಸಿ, “ತಪ್ಪಾಯ್ತು ಚಿಕ್ಕಪ್ಪ. ನೀನೇ ಸರಿ” ಎಂದ. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಬೇಲಿಯಾಚೆಯಿಂದ ದನಿ ಬಂತು.

“ಸರಿ ಅಲ್ಲ.”

ಎಲ್ಲರೂ ತಿರುಗಿದರು.

“ಕಮ್ಮಿ ತಗಳದೂ ತಪ್ಪೇ,” ಎಂದಳು ವನಜಾ. “ಗುಡ್ಡೆ ಅಂದ್ರೆ ಎಲ್ಲಾ ಸಮ. ಹಾಕೋನ್ದೂ ಸಮ. ಯಾವುದು ತನಗೆ ಬರ್ತದೆ ಅಂತ ಹಾಕೋನಿಗೆ ಮೊದಲೇ ಗೊತ್ತಿರಬಾರದು. ಅಪ್ಪ ಒಳ್ಳೇವ್ರು, ತಮ್ಮ ಗುಡ್ಡೆ ಚಿಕ್ಕದು ಮಾಡ್ಕೊಂಡ್ರು. ನಾಳೆ ಇನ್ನೊಬ್ಬ ಬಂದು ಅದೇ ಗುಡ್ಡೆನ ದೊಡ್ಡದು ಮಾಡ್ಕೊಂಡ್ರೆ? ಅವಾಗ್ಲೂ ನಿಮಗೆ ಗೊತ್ತಾಗಲ್ಲ. ಒಳ್ಳೇವ್ರು ಸಿಕ್ಕಿದ್ದು ನಮ್ಮ ಪುಣ್ಯ. ಪುಣ್ಯಾನೇ ಕ್ರಮ ಅಂದ್ಕೋಬಾರದು.”

ತಪ್ಪನ್ನು ಮುಚ್ಚಿಕೊಳ್ಳುವ ಅಪ್ಪಂದಿರನ್ನು ನಾವು ನೋಡಿದ್ದೇವೆ, ಮುಚ್ಚಿ ಹಾಕುವ ಮಕ್ಕಳನ್ನೂ ನೋಡಿದ್ದೇವೆ. ಅಪ್ಪನ ಒಳ್ಳೆಯತನವನ್ನೇ ತಪ್ಪು ಎಂದು ಊರ ಮುಂದೆ ಎತ್ತಿ ಹಿಡಿದ ಮಗಳನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ಚಿಕ್ಕಬೋರಯ್ಯ ಮಣೆಯಿಂದ ಎದ್ದ. ಮುಖ ಇಷ್ಟಗಲ ಅರಳಿತ್ತು.

“ಕೇಳುದ್ರೇನ್ರಲಾ?” ಎಂದು ಊರಿನ ಕಡೆ ಕೈ ಚಾಚಿದ. “ಎಷ್ಟು ವರ್ಸದಿಂದ ಹಾಕ್ತಿವ್ನಿ ಗುಡ್ಡೆಯ! ನೀವ್ಯಾರಾನಾ ಕಂಡುಹಿಡುದ್ರಾ? ನಮ್ಮಪ್ಪನ ಕಣ್ಣಿಗೂ ಮಣ್ಣೆರಚಿದ್ದೆ. ನನ್ ಮಗಳು ಹಿಡುದ್ಲು! ಬೇಲಿಯಾಚೆ ನಿಂತ್ಕೊಂಡು ಹಿಡುದ್ಲು! ಅದೂ ಬಾಡು ಮುಟ್ದೆಯ!” ಆಮೇಲೆ ಪುಟ್ಟರಾಜುವಿಗೆ, “ಲೇ, ನಿನ್ ಯಂತ್ರಕ್ಕೆ ಕಮ್ಮಿ ಅಂತ ಮಾತ್ರ ಗೊತ್ತಾಯ್ತು ಕಣ್ಲಾ. ಯಾಕೆ ಅಂತ ಗೊತ್ತಾಯ್ತಾ?”

ಪುಟ್ಟರಾಜು ಇಲ್ಲವೆಂದು ತಲೆ ಆಡಿಸಿದ.

“ಒಟ್ಟು ಮಾಡ್ರಿ ಎಲ್ಲಾನೂವೆ. ಇನ್ನೊಂದ್ ಕಿತ ಹಾಕ್ತೀನಿ.”

ಎಲ್ಲ ಗುಡ್ಡೆಗಳನ್ನೂ ಒಂದೇ ರಾಶಿ ಮಾಡಿದರು. ಚಿಕ್ಕಬೋರಯ್ಯ ಮತ್ತೆ ಬಗ್ಗಿದ. ಈ ಸಲ ಊರೆಲ್ಲ ಅವನ ಕೈಯನ್ನು ನೋಡಿತು. ನಿಜ ಹೇಳಬೇಕೆಂದರೆ ಅಷ್ಟು ವರ್ಷದಲ್ಲಿ ಯಾರೂ ಅವನ ಕೈಯನ್ನು ನೋಡಿಯೇ ಇರಲಿಲ್ಲ, ಬಾಡನ್ನಷ್ಟೇ ನೋಡಿದ್ದರು. ಒಂದು ಕಡೆ ಕಮ್ಮಿಯಾದಾಗ ಅವನ ಕೈ ಅಭ್ಯಾಸದಿಂದ ಪಂಪ್‌ಹೌಸಿನ ಕಡೆ ಹೋಗುತ್ತಿತ್ತು. ಪಟ್ಟಲಮ್ಮ ಮಡಕೆಯ ಅಂಚನ್ನು ಟಣ್ ಎಂದು ಬಡಿಯುತ್ತಿದ್ದಳು. ಕೈ ಹಿಂದೆ ಬಂದು, ಹೆಚ್ಚಿದ್ದ ಪಕ್ಕದ ಗುಡ್ಡೆಯಿಂದ ಎತ್ತಿಕೊಳ್ಳುತ್ತಿತ್ತು.

ಶಾಲಿನಿ ಬ್ಯಾಂಕಿಗೆ ಫೋನ್ ಮಾಡಿ ತಡವಾಗುತ್ತದೆ ಎಂದಳು. ಯಾಕೆ ಎಂದು ಅತ್ತ ಕಡೆಯವರು ಕೇಳಿರಬೇಕು. “ಒಂದು ಆಡಿಟ್ ನಡೀತಿದೆ,” ಎಂದು ಇಟ್ಟಳು. ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡು ಮತ್ತೆ ಒಂದೊಂದೇ ತೂಗಿದಳು. ಬೇಲಿಯಿಂದ ಪಂಪ್‌ಹೌಸಿನವರೆಗೆ, ಮೊದಲನೆಯದರಿಂದ ಕೊನೆಯದರವರೆಗೆ, ಒಂದೇ ತೂಕ. ಒಂದು ಬೆರಳ ಮೂಳೆಯಷ್ಟೂ ವ್ಯತ್ಯಾಸವಿಲ್ಲ.

ಆಮೇಲೆ ಟವೆಲು ಸುತ್ತಿ ಬಂತು. ಬೀಜ, ಗುಂಡಿ, ಬಳೆ ಚೂರು, ಪುಟ್ಟರಾಜುವಿನ ಒಣ ಬೀನ್ಸು, ಎಲ್ಲ ಬಿದ್ದವು. ಟವೆಲು ಚಿಕ್ಕಬೋರಯ್ಯನ ಮುಂದೆ ಬಂದು ನಿಂತಿತು.

“ನೀವೂ ಕೊಡಿ ಅಪ್ಪ,” ಎಂದಳು ವನಜಾ.

“ಅದು ಕ್ರಮ ಅಲ್ಲವಲ್ಲವ್ವ.”

“ಹಾಕೋನಿಗೆ ಗೊತ್ತಾಗಬಾರದು ಅನ್ನೋದೇ ಕ್ರಮ. ಗುರುತು ಕೊಡಬಾರದು ಅನ್ನೋದು ಅದಕ್ಕೆ ಕಟ್ಟಿದ್ದ ಬೇಲಿ. ಬೇಲಿ ಬಿದ್ದೋಗಿತ್ತು, ಕಟ್ತಾ ಇದ್ದೀವಿ. ಹೊಸದೇನೂ ಅಲ್ಲ.”

ಹೊಸದು ಎಂಬ ಅಪವಾದ ತನ್ನ ಮೇಲೆ ಬರಬಾರದೆಂದು ಅವಳು ಆ ಕೊನೆಯ ಮಾತನ್ನು ಸ್ವಲ್ಪ ಒತ್ತಿ ಹೇಳಿದಳು.

ಚಿಕ್ಕಬೋರಯ್ಯ ಜೇಬು ತಡಕಿದ. ಗುರುತು ಕೊಟ್ಟು ಅಭ್ಯಾಸವಿಲ್ಲದವನ ಜೇಬಿನಲ್ಲಿ ಗುರುತಿಗೆ ಆಗುವಂಥದ್ದೇನೂ ಇರಲಿಲ್ಲ. ಕಡೆಗೆ ಕಣ್ಣಿಗೆ ಬಿಡುವ ಔಷಧಿಯ ಬಾಟಲಿಯ ಬಿಳಿ ಮುಚ್ಚಳ ಸಿಕ್ಕಿತು. ಅದನ್ನು ಹಾಕಿದ.

“ಎಲ್ಲಿಂದ ಬೇಕಾದ್ರೂ ಶುರು ಮಾಡಿ ಮೇಡಂ,” ಎಂದು ಅಕ್ಸಾ ಬೇಲಿಯಾಚೆಯಿಂದ ಕೂಗಿದಳು. ಶಾಲಿನಿ ಸಾಲಿನ ನಡುವಿನಿಂದ ಶುರು ಮಾಡಿ, ಪಂಪ್‌ಹೌಸಿಗೆ ಹೋಗಿ, ಹಿಂದೆ ಬಂದು, ಮನಸ್ಸು ಬಂದ ಕಡೆ ಇಟ್ಟಳು. ಪಂಪ್‌ಹೌಸಿನ ಪಕ್ಕದ ಗುಡ್ಡೆ ಪುಟ್ಟರಾಜುವಿನದಾಯಿತು. ಅವನು ಅದನ್ನು ಎರಡು ಸಲ ನೋಡಿದ. ಯಂತ್ರದ ಕಡೆ ಹೋಗಲಿಲ್ಲ. ಬಿಳಿ ಮುಚ್ಚಳ ಬಿದ್ದದ್ದು ಈ ತುದಿಯಲ್ಲಿ, ಬೇಲಿಯ ಪಕ್ಕ, ಮೊಟ್ಟಮೊದಲ ಗುಡ್ಡೆಯ ಮೇಲೆ.

ತನ್ನ ಪಾಲು ತರಲು ಚಿಕ್ಕಬೋರಯ್ಯ ಇಷ್ಟು ವರ್ಷ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ. ಕೂತ ಮಣೆಯಿಂದ ಕೈ ಚಾಚಿದರೆ ಸಿಗುತ್ತಿತ್ತು. ಈಗ ಇಡೀ ಸಾಲನ್ನು ದಾಟಬೇಕಾಯಿತು. ಅವನು ಪಂಚೆ ಇಳಿಸಿದ, ಟವೆಲನ್ನು ಕೊಡವಿ ಹೆಗಲಿಗೆ ಹಾಕಿದ, ಎರಡೂ ಕಡೆ ನಿಂತ ಊರಿನವರ ನಡುವೆ ನಿಧಾನವಾಗಿ ನಡೆದ. ನಡೆಯುತ್ತ, ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ನಿಂತು ನೋಡುತ್ತಿದ್ದ ಬೇರೆ ಊರಿನವನೊಬ್ಬನಿಗೆ, ಕೇಳದಿದ್ದರೂ ಹೇಳಿದ:

“ಅಗೋ, ಬೇಲಿ ಅತ್ರ ನಿಂತವ್ಳಲ್ಲ, ನನ್ ಮಗಳು. ಆಡಿಟ್ರು. ನನ್ನನ್ನೇ ಹಿಡುದ್ಬುಟ್ಲು.”

ಅವನು ಬೇಲಿಯ ಹತ್ತಿರ ಬಂದು ಎಲೆಯನ್ನು ಎತ್ತಿದಾಗ ಮಗಳು ಆ ಕಡೆ, ಅಪ್ಪ ಈ ಕಡೆ. ಗುರುತು ಇಟ್ಟಾಗಿತ್ತು, ಗುಡ್ಡೆ ಎತ್ತಿಯಾಗಿತ್ತು. ಇನ್ನು ಅವಳು ಒಳಗೆ ಬರಬಹುದಿತ್ತು. ಬೇಲಿಯ ಸಂದಿಯಲ್ಲಿ ನುಸುಳಿ ಬರುವುದು ಸುಲಭವಿತ್ತು, ಎಲ್ಲರೂ ಹಾಗೇ ಬರುತ್ತಾರೆ. ವನಜಾ ಸುತ್ತು ಹಾಕಿ ಗೇಟಿನಿಂದ ಬಂದಳು. ಚಿಕ್ಕಬೋರಯ್ಯ ಎಲೆ ಹಿಡಿದು ಅಲ್ಲೇ ಕಾದು ನಿಂತಿದ್ದ.

ಪಟ್ಟಲಮ್ಮ ಎಲೆಯ ಮೇಲಿನದನ್ನು ತಾನು ಪ್ರತಿ ವರ್ಷ ತರುತ್ತಿದ್ದ ಮಡಕೆಗೇ ಸುರಿಯಲು ನೋಡಿದಳು. ಅರ್ಧಕ್ಕೇ ಮಡಕೆ ತುಂಬಿತು. ಅವಳು ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಮನೆಯ ಕಡೆಗೆ ತಿರುಗಿ, ನಾಲೆಯಾಚೆಗೂ ಕೇಳುವ ಹಾಗೆ ಕೂಗಿದಳು:

“ಅಟ್ಟದ ಮೇಲೆ ನಮ್ಮತ್ತೆ ಮಡಗಿದ್ದ ದೊಡ್ಡ ಮಡಕೆ ಅದೆ, ಯಾರಾರ ಇಳಿಸ್ರಪ್ಪೋ!”